ಮನೆಯ ಕೋಣೆಯೊಳಗೆ ಸೊಪ್ಪು ಬೆಳೆಯಲು ಬೆಳಕು ಮತ್ತು ಗಾಳಿಯ ವ್ಯವಸ್ಥೆ: ಲೆಕ್ಕದಿಂದ ಜೋಡಣೆಯವರೆಗೆ

ಬಿಸಿಲು ಬಾರದ ಕೋಣೆಯಲ್ಲಿ ಲೆಟ್ಯೂಸ್, ಪಾಲಕ್, ಬೇಸಿಲ್ ಮುಂತಾದ ಸೊಪ್ಪುಗಳನ್ನು ದೀಪದ ಬೆಳಕಿನಲ್ಲಿ ಬೆಳೆಯಹೊರಟವರು ಸಾಮಾನ್ಯವಾಗಿ ಮೊದಲು ದೀಪ ಕೊಳ್ಳುತ್ತಾರೆ. ಗಿಡ ಬಾಡಿದಾಗಲೋ ಎಲೆಯ ಮೇಲೆ ಬೂಷ್ಟು ಕಂಡಾಗಲೋ ಫ್ಯಾನಿನ ವಿಚಾರ ಬರುತ್ತದೆ. ಈ ಕ್ರಮ ತಿರುವುಮುರುವಾದದ್ದು. ದೀಪ ಬಳಸುವ ಪ್ರತಿಯೊಂದು ವ್ಯಾಟ್ ಕೊನೆಗೆ ಬಿಸಿಯಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ. ಗಿಡಕ್ಕೆ ಉಣಿಸಿದ ನೀರಿನ ಬಹುಪಾಲು ಎಲೆಗಳ ಮೂಲಕ ಆವಿಯಾಗಿ ಅದೇ ಗಾಳಿಗೆ ಸೇರುತ್ತದೆ. ಆದ್ದರಿಂದ ಬೆಳಕು ಮತ್ತು ಗಾಳಿ ಎರಡು ಬೇರೆ ಕೆಲಸಗಳಲ್ಲ, ಒಂದೇ ಲೆಕ್ಕದ ಎರಡು ಬದಿಗಳು. ಬೆಳೆಯಿಂದ ಬೆಳಕನ್ನು, ಬೆಳಕಿನಿಂದ ಬಿಸಿಯನ್ನು, ಬಿಸಿಯಿಂದ ಗಾಳಿಯ ಪ್ರಮಾಣವನ್ನು ಕಾಗದದ ಮೇಲೆ ಕಂಡುಕೊಂಡ ನಂತರವೇ ಅಂಗಡಿಗೆ ಹೋಗಬೇಕು.

ಉದಾಹರಣೆಗಾಗಿ ಬೆಂಗಳೂರಿನ ಒಂದು ಮನೆಯ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಇಟ್ಟುಕೊಳ್ಳೋಣ. ಅದರೊಳಗೆ ಮೂರು ಅಂತಸ್ತಿನ ಕಬ್ಬಿಣದ ರ್‍ಯಾಕ್ ಒಂದಿದೆ. ಪ್ರತಿ ಅಂತಸ್ತು 4 ಅಡಿ ಉದ್ದ, 2 ಅಡಿ ಅಗಲ. ಮಲಗುವ ಕೋಣೆಯನ್ನು ಇದಕ್ಕೆ ಆರಿಸಬಾರದು. ರಾತ್ರಿಯ ಬೆಳಕೂ ಗಾಳಿಯ ತೇವವೂ ಮಲಗುವವರಿಗೆ ಒಳ್ಳೆಯದಲ್ಲ. ಹೊರಗೋಡೆಗೆ ಒಂದಾದರೂ ಕಿಟಕಿ ಅಥವಾ ವೆಂಟಿಲೇಟರ್ ಇರುವ ಕೋಣೆಯೇ ಬೇಕು.

ಮೊದಲ ಹೆಜ್ಜೆ: ಬೆಳೆಗೆ ಬೇಕಾದ ಬೆಳಕನ್ನು ಲೆಕ್ಕ ಹಾಕುವುದು

ನಮ್ಮ ಕಣ್ಣಿಗೆ ಪ್ರಕಾಶಮಾನವಾಗಿ ಕಾಣುವ ಕೋಣೆ ಗಿಡದ ಪಾಲಿಗೆ ಕತ್ತಲೆಯೇ ಆಗಿರಬಹುದು. ಗಿಡಗಳು ಮುಖ್ಯವಾಗಿ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ದ್ಯುತಿಸಂಶ್ಲೇಷಣೆಗೆ ಬಳಸುತ್ತವೆ. ಆ ವ್ಯಾಪ್ತಿಯ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದನ್ನು ಮೈಕ್ರೋಮೋಲ್‌ಗಳಲ್ಲಿ ಅಳೆಯುತ್ತಾರೆ, ಇದೇ ಪಿಪಿಎಫ್‌ಡಿ. ಇಡೀ ದಿನಕ್ಕೆ ಬಿದ್ದ ಒಟ್ಟು ಬೆಳಕು ಡಿಎಲ್‌ಐ, ಅದರ ಮಾನ ಮೋಲ್. ಪಿಪಿಎಫ್‌ಡಿಯನ್ನು ದೀಪ ಉರಿಯುವ ಗಂಟೆಗಳಿಂದ ಗುಣಿಸಿ, ಬಂದದ್ದನ್ನು 0.0036ರಿಂದ ಗುಣಿಸಿದರೆ ಡಿಎಲ್‌ಐ ದೊರೆಯುತ್ತದೆ.

ಮೊಳೆತ ಕೆಲವೇ ದಿನಗಳಲ್ಲಿ ಕೊಯ್ಯುವ ಎಳೆಸೊಪ್ಪಿಗೆ, ಅಂದರೆ ಮೈಕ್ರೋಗ್ರೀನ್‌ಗಳಿಗೆ, ದಿನಕ್ಕೆ 6ರಿಂದ 12 ಮೋಲ್ ಸಾಕು. ಲೆಟ್ಯೂಸಿಗೆ 12ರಿಂದ 17 ಮೋಲ್ ಬೇಕು, ಬೇಸಿಲ್ ಕೂಡ ಹೆಚ್ಚುಕಡಿಮೆ ಇದೇ ವ್ಯಾಪ್ತಿಯಲ್ಲಿ ಚೆನ್ನಾಗಿ ಬರುತ್ತದೆ. ಟೊಮೆಟೊ, ಮೆಣಸಿನಕಾಯಿಯಂತಹ ಕಾಯಿ ಬಿಡುವ ಗಿಡಗಳು 20ಕ್ಕಿಂತ ಹೆಚ್ಚು ಕೇಳುತ್ತವೆ. ಮನೆಯ ಕರೆಂಟಿನಲ್ಲಿ ಅವುಗಳನ್ನು ಬೆಳೆಯುವುದು ದುಬಾರಿಯ ಮಾತು, ಅವು ತಾರಸಿಯ ಬಿಸಿಲಿನಲ್ಲಿರುವುದೇ ಲೇಸು. ದಂಟು, ಹರಿವೆ ಕೂಡ ಹೆಚ್ಚು ಬಿಸಿಲನ್ನು ಬಳಸಿಕೊಳ್ಳಬಲ್ಲ ಜಾತಿಯವು. ನಮ್ಮ ಉದಾಹರಣೆಗೆ ಲೆಟ್ಯೂಸನ್ನೇ ಆರಿಸಿ, 250 ಮೈಕ್ರೋಮೋಲ್ ಬೆಳಕನ್ನು 16 ಗಂಟೆ ಕೊಡುವುದೆಂದು ನಿಶ್ಚಯಿಸಿದರೆ ದಿನಕ್ಕೆ 14.4 ಮೋಲ್ ಆಗುತ್ತದೆ.

ಎರಡನೆಯ ಹೆಜ್ಜೆ: ದೀಪವನ್ನು ಆರಿಸುವುದು

ಒಂದು ಅಂತಸ್ತಿನ ವಿಸ್ತೀರ್ಣ 8 ಚದರ ಅಡಿ, ಅಂದರೆ ಸುಮಾರು 0.74 ಚದರ ಮೀಟರ್. ಅದರ ಮೇಲೆ 250 ಮೈಕ್ರೋಮೋಲ್ ಬೀಳಬೇಕಾದರೆ ಸೆಕೆಂಡಿಗೆ ಒಟ್ಟು 185 ಮೈಕ್ರೋಮೋಲ್ ಎಲೆಗಳನ್ನು ತಲುಪಬೇಕು. ಐದನೆಯ ಒಂದು ಪಾಲು ಬೆಳಕು ಅಂಚಿನಿಂದ ಆಚೆಗೆ ಚೆಲ್ಲಿಹೋಗುತ್ತದೆ ಎಂದು ಹಿಡಿದರೆ, ದೀಪಗಳಿಂದ ಸುಮಾರು 230 ಮೈಕ್ರೋಮೋಲ್ ಹೊರಬರಬೇಕು.

ಇಲ್ಲಿ ದೀಪದ ದಕ್ಷತೆ ನಿರ್ಣಾಯಕವಾಗುತ್ತದೆ. ಗಿಡಗಳಿಗೆಂದೇ ಮಾಡಿದ ಉತ್ತಮ ಎಲ್‌ಇಡಿ ದೀಪಗಳು ಪ್ರತಿ ಜೂಲ್ ವಿದ್ಯುತ್ತಿಗೆ (ಒಂದು ವ್ಯಾಟ್ ಒಂದು ಸೆಕೆಂಡಿನಲ್ಲಿ ಬಳಸುವಷ್ಟು) 2.5 ಮೈಕ್ರೋಮೋಲ್ ಅಥವಾ ಅದಕ್ಕಿಂತ ಹೆಚ್ಚು ಬೆಳಕನ್ನು ಕೊಡುತ್ತವೆ. ವ್ಯಾಟಿಗೆ 100 ಲ್ಯುಮೆನ್ ಕೊಡುವ ಮನೆಬಳಕೆಯ ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ ಸುಮಾರು 1.5 ಮೈಕ್ರೋಮೋಲ್ ಮಾತ್ರ ಕೊಡುತ್ತದೆ. ಆದ್ದರಿಂದ ಅದೇ ಒಂದು ಅಂತಸ್ತಿಗೆ ಮೊದಲನೆಯದಾದರೆ 93 ವ್ಯಾಟ್, ಎರಡನೆಯದಾದರೆ 155 ವ್ಯಾಟ್, ಅಂದರೆ 20 ವ್ಯಾಟಿನ ಎಂಟು ಟ್ಯೂಬ್‌ಲೈಟುಗಳು ಬೇಕಾಗುತ್ತವೆ. ಟ್ಯೂಬ್‌ಲೈಟಿನಲ್ಲಿ ಸೊಪ್ಪು ಬೆಳೆಯುವುದಿಲ್ಲ ಎಂಬುದು ಸುಳ್ಳು. ಒಂದು ಅಂತಸ್ತಿಗೆ ನಾಲ್ಕು ಟ್ಯೂಬ್ ಹಾಕಿದರೂ ಮೈಕ್ರೋಗ್ರೀನ್ ಸೊಗಸಾಗಿ ಬರುತ್ತದೆ. ಆದರೆ ಲೆಟ್ಯೂಸಿನ ಮಟ್ಟಕ್ಕೆ ಏರಿಸಿದಾಗ ಅಗ್ಗದ ದೀಪ ಅಗ್ಗವಾಗಿ ಉಳಿಯುವುದಿಲ್ಲ.

ತಿಂಗಳ ಲೆಕ್ಕವನ್ನು ನೋಡಿ. ಮೂರು ಅಂತಸ್ತಿಗೆ ಉತ್ತಮ ದೀಪಗಳು ಒಟ್ಟು 280 ವ್ಯಾಟ್ ಬಳಸಿ, 16 ಗಂಟೆಯ ಪ್ರಕಾರ ತಿಂಗಳಿಗೆ ಸುಮಾರು 134 ಯೂನಿಟ್ ತೆಗೆದುಕೊಳ್ಳುತ್ತವೆ. ಟ್ಯೂಬ್‌ಲೈಟುಗಳು ಅಷ್ಟೇ ಬೆಳಕಿಗೆ 223 ಯೂನಿಟ್ ತೆಗೆದುಕೊಳ್ಳುತ್ತವೆ. ಗೃಹಜ್ಯೋತಿಯ ಫಲಾನುಭವಿಗಳು ಈ ಅಂಕಿಯನ್ನು ಎರಡು ಬಾರಿ ಓದಬೇಕು: ಆ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್, ಅದನ್ನು ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಒಂದೇ ಅಂತಸ್ತಿನಿಂದ ಆರಂಭಿಸಿ, ಒಂದು ತಿಂಗಳ ಮೀಟರ್ ಓದಿ, ಆಮೇಲೆ ವಿಸ್ತರಿಸುವುದು ಜಾಣತನ.

ಬಣ್ಣದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೆಂಪು ಮತ್ತು ನೀಲಿ ಮಾತ್ರ ಬೆರೆತ ನೇರಳೆ ದೀಪಗಳಲ್ಲಿ ಗಿಡ ಬೆಳೆಯುತ್ತದೆ ನಿಜ, ಆದರೆ ಆ ಬೆಳಕಿನಲ್ಲಿ ಎಲೆ ಹಳದಿಯಾದದ್ದೂ ಹುಳು ಕೂತದ್ದೂ ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. 3000ದಿಂದ 5000 ಕೆಲ್ವಿನ್ ನಡುವಿನ ಬಿಳಿ ದೀಪದಲ್ಲಿ ಗಿಡ ಗಿಡ್ಡವಾಗಿ ಗಟ್ಟಿಯಾಗಿ ಬೆಳೆಯುವಷ್ಟು ನೀಲಿಯೂ ಇರುತ್ತದೆ, ಎಲೆಗಳ ಒಳಪದರಕ್ಕೆ ಇಳಿಯುವ ಹಸಿರೂ ಇರುತ್ತದೆ. ಮನೆಗೆ ಬಿಳಿಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯ ಹೆಜ್ಜೆ: ದೀಪ ಕಟ್ಟುವುದು, ಅಳೆಯುವುದು

ದೀಪಗಳನ್ನು ಎಲೆಯ ತುದಿಯಿಂದ 20ರಿಂದ 30 ಸೆಂಟಿಮೀಟರ್ ಮೇಲೆ, ಎತ್ತರ ಬದಲಿಸಲು ಬರುವಂತೆ ಸರಪಳಿಯಲ್ಲಿ ತೂಗುಹಾಕಬೇಕು. ರ್‍ಯಾಕಿನ ಹಿಂಬದಿಗೂ ಪಕ್ಕಗಳಿಗೂ ಹೊಳಪಿಲ್ಲದ ಬಿಳಿ ಬಣ್ಣ ಬಳಿದ ಹಲಗೆ ನಿಲ್ಲಿಸಿದರೆ ಚೆಲ್ಲಿಹೋಗುವ ಬೆಳಕಿನ ದೊಡ್ಡ ಪಾಲು ಗಿಡಕ್ಕೆ ಮರಳುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುಕ್ಕುಗಟ್ಟಿ ಬೆಳಕನ್ನು ಅಲ್ಲಲ್ಲಿ ಒಟ್ಟುಗೂಡಿಸುತ್ತದೆ, ತಂತಿಗೆ ತಾಗಿದರೆ ವಿದ್ಯುತ್ತನ್ನೂ ಹರಿಸುತ್ತದೆ; ಅದು ಬೇಡ. ಥರ್ಮಾಕೋಲ್ ಸುಲಭವಾಗಿ ಬೆಂಕಿ ಹಿಡಿಯುವುದರಿಂದ ದೀಪದ ಹತ್ತಿರ ಅದನ್ನೂ ಬಳಸಬಾರದು.

ಪಿಪಿಎಫ್‌ಡಿ ಅಳೆಯುವ ಉಪಕರಣ ದುಬಾರಿ, ಆದರೆ ಬಿಳಿ ಎಲ್‌ಇಡಿಗೆ ಸಾಧಾರಣ ಲಕ್ಸ್ ಮೀಟರ್ ಸಾಕು. ಬಿಳಿ ಎಲ್‌ಇಡಿಯಲ್ಲಿ ಒಂದು ಮೈಕ್ರೋಮೋಲಿಗೆ ಸುಮಾರು 67 ಲಕ್ಸ್ ಎಂದು ಹಿಡಿಯಬಹುದಾದ್ದರಿಂದ, 250 ಮೈಕ್ರೋಮೋಲ್ ಎಂದರೆ ಸುಮಾರು 17,000 ಲಕ್ಸ್. ನೇರಳೆ ದೀಪಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಏಕೆಂದರೆ ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ಎಲೆಯ ಎತ್ತರದಲ್ಲಿ ಮೀಟರನ್ನಿಟ್ಟು ನಡುವೆ, ನಾಲ್ಕು ಮೂಲೆಗಳಲ್ಲಿ ಮತ್ತು ಅಂಚುಗಳ ಮಧ್ಯದಲ್ಲಿ ಓದಿ ಬರೆದುಕೊಳ್ಳಬೇಕು. ಮೂಲೆಯ ಅಂಕಿ ನಡುವಿನ ಅಂಕಿಯ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಿದ್ದರೆ ದೀಪಗಳನ್ನು ಅಂಚಿನ ಕಡೆಗೆ ಸರಿಸಬೇಕು, ಇಲ್ಲವೇ ಟ್ರೇಗಳನ್ನು ಎರಡು ದಿನಕ್ಕೊಮ್ಮೆ ಸ್ಥಳ ಬದಲಿಸಬೇಕು.

ನಾಲ್ಕನೆಯ ಹೆಜ್ಜೆ: ಗಂಟೆಗಳನ್ನು ನಿಗದಿಪಡಿಸುವುದು

ದೀಪವನ್ನು ಕೈಯಿಂದ ಹಾಕಿ ಆರಿಸುವ ಭರವಸೆಯಲ್ಲಿ ಇರಬಾರದು, ಟೈಮರ್ ಬೇಕೇಬೇಕು. ಬೇಸಿಲ್‌ಗೂ ಲೆಟ್ಯೂಸಿಗೂ 16 ಗಂಟೆ ಹೊಂದುತ್ತದೆ. ಪಾಲಕ್ ಮತ್ತು ಕೊತ್ತಂಬರಿ ದೀರ್ಘ ಹಗಲಿನಲ್ಲಿ, ಅದರಲ್ಲೂ ಸೆಕೆಯಲ್ಲಿ, ಬೇಗ ಹೂಕಾಂಡ ಎತ್ತಿ ಎಲೆ ಕೊಡುವುದನ್ನು ನಿಲ್ಲಿಸುವುದರಿಂದ ಅವುಗಳಿಗೆ 12 ಗಂಟೆಗೆ ಇಳಿಸಿ, ಬೆಳಕಿನ ತೀವ್ರತೆಯನ್ನು ಸ್ವಲ್ಪ ಏರಿಸುವುದು ಉತ್ತಮ. ಹೀಗೆ ಮಾಡುವಾಗ ಕಿಟಕಿಯಿಂದ ಬರುವ ಹಗಲಿನ ಬೆಳಕೂ ಸೇರಿ ಒಟ್ಟು ಅವಧಿ ಹಿಗ್ಗದಂತೆ ನೋಡಿಕೊಳ್ಳಬೇಕು.

ಯಾವ 16 ಗಂಟೆ ಎಂಬುದು ಎಷ್ಟು ಗಂಟೆ ಎಂಬುದರಷ್ಟೇ ಮುಖ್ಯ. ಗಿಡಕ್ಕೆ ಸೂರ್ಯನ ಹಗಲೇ ಬೇಕೆಂದಿಲ್ಲ. ಬೇಸಿಗೆಯಲ್ಲಿ ಸಂಜೆ 7ರಿಂದ ಬೆಳಿಗ್ಗೆ 11ರವರೆಗೆ ದೀಪ ಉರಿಸಿ, 11ರಿಂದ ಸಂಜೆ 7ರವರೆಗೆ ಕತ್ತಲೆ ಕೊಟ್ಟರೆ, ಹೊರಗಿನ ಗಾಳಿ ಅತಿ ಬಿಸಿಯಾಗಿರುವ ಹೊತ್ತಿನಲ್ಲಿ ಕೋಣೆಯೊಳಗೆ ದೀಪದ ಬಿಸಿ ಸೇರುವುದಿಲ್ಲ. ಒಂದು ರೂಪಾಯಿಯ ಖರ್ಚೂ ಇಲ್ಲದೆ ಸಿಗುವ ಈ ತಂಪನ್ನು ಬಿಟ್ಟು ಮೊದಲೇ ಎಸಿಗೆ ಹಣ ಹಾಕುವುದು ಸರಿಯಲ್ಲ.

ಐದನೆಯ ಹೆಜ್ಜೆ: ಫ್ಯಾನಿನ ಗಾತ್ರ

ಈಗ ಬಿಸಿಯ ಲೆಕ್ಕ. ದೀಪ 280 ವ್ಯಾಟ್, ಸಣ್ಣ ಫ್ಯಾನುಗಳು 20 ವ್ಯಾಟ್, ಒಟ್ಟು 300 ವ್ಯಾಟ್. ಹೊರಗಿನ ಗಾಳಿಗಿಂತ ಕೋಣೆ 3 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದು ಬಯಸಿದರೆ, ವ್ಯಾಟನ್ನು ಆ 3 ಡಿಗ್ರಿಯಿಂದಲೂ ಒಂದು ಸ್ಥಿರಾಂಕದಿಂದಲೂ ಭಾಗಿಸಬೇಕು. ಮಂಗಳೂರು, ಕಾರವಾರದಂತಹ ಕಡಲತಡಿಯ ಊರುಗಳಲ್ಲಿ ಆ ಸ್ಥಿರಾಂಕ 0.33. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸುಮಾರು ಹತ್ತನೆಯ ಒಂದು ಪಾಲು ತೆಳು, ಹಾಗಾಗಿ ಅಷ್ಟೇ ಗಾಳಿ ಕಡಿಮೆ ಬಿಸಿಯನ್ನು ಹೊರುತ್ತದೆ; ಇಲ್ಲಿ 0.30 ಎಂದು ಹಿಡಿಯಬೇಕು. 300ನ್ನು 0.90ರಿಂದ ಭಾಗಿಸಿದರೆ ಗಂಟೆಗೆ 333 ಘನ ಮೀಟರ್, ಅಂದರೆ ನಿಮಿಷಕ್ಕೆ ಸುಮಾರು 196 ಘನ ಅಡಿ.

ನಮ್ಮ ಕೋಣೆಯ ಗಾತ್ರ 28 ಘನ ಮೀಟರ್ ಆದ್ದರಿಂದ ಇದು ಗಂಟೆಗೆ ಸುಮಾರು 12 ಬಾರಿ ಗಾಳಿ ಬದಲಿಸಿದಂತೆ. ಕೋಣೆಯ ಗಾಳಿಯನ್ನು ನಿಮಿಷಕ್ಕೊಮ್ಮೆ ಬದಲಿಸಬೇಕೆಂಬ ಸಲಹೆ ಹಲವು ಕಡೆ ಕಾಣುತ್ತದೆ. ಸಣ್ಣ ಡೇರೆಯೊಳಗೆ ದೊಡ್ಡ ದೀಪ ಹಾಕಿದವರಿಗೆ ಅದು ಹೊಂದಬಹುದು. ಮನೆಯ ಕೋಣೆಗೆ ಅದನ್ನು ಅನ್ವಯಿಸಿದರೆ ಗಿಡ ಒಣಗುತ್ತದೆ, ಗದ್ದಲ ಹೆಚ್ಚುತ್ತದೆ, ಕರೆಂಟ್ ವ್ಯರ್ಥವಾಗುತ್ತದೆ. ಗಾತ್ರವನ್ನು ನಿರ್ಧರಿಸಬೇಕಾದದ್ದು ಕೋಣೆಯಲ್ಲ, ಅದರೊಳಗಿನ ವ್ಯಾಟ್.

ಎಗ್ಸಾಸ್ಟ್ ಫ್ಯಾನಿನ ಡಬ್ಬಿಯ ಮೇಲೆ ಬರೆದ ಗಾಳಿಯ ಪ್ರಮಾಣ ಯಾವ ಅಡೆತಡೆಯೂ ಇಲ್ಲದಾಗಿನದು. ಜಾಲರಿ, ಪೈಪ್, ಮಳೆಪಟ್ಟಿ ಎಲ್ಲವೂ ಅದನ್ನು ಕುಗ್ಗಿಸುವುದರಿಂದ, 333 ಬೇಕಾದಲ್ಲಿ 500ರ ಸುಮಾರಿನ ಫ್ಯಾನ್ ಕೊಳ್ಳಬೇಕು. ಸುತ್ತಿಸುತ್ತಿ ಹೋಗುವ ಉದ್ದನೆಯ ಮಡಿಕೆಪೈಪ್ ಹಾಕುವುದಕ್ಕಿಂತ ಫ್ಯಾನನ್ನು ನೇರವಾಗಿ ಹೊರಗೋಡೆಯಲ್ಲಿ ಕೂರಿಸುವುದೇ ಲಾಭಕರ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲಾಗದಿದ್ದರೆ ಕಿಟಕಿಯ ಒಂದು ಗಾಜನ್ನು ತೆಗೆದು, ಆ ಅಳತೆಯ ಪ್ಲೈವುಡ್‌ನಲ್ಲಿ ಫ್ಯಾನ್ ಕೂರಿಸಿ, ಮನೆ ಬಿಡುವಾಗ ಗಾಜನ್ನು ಮತ್ತೆ ಹಾಕಿಸಬಹುದು.

ಆರನೆಯ ಹೆಜ್ಜೆ: ಗಾಳಿಯ ದಾರಿ

ಬಿಸಿ ಗಾಳಿ ಮೇಲೇರುವುದರಿಂದ ಹೊರಹಾಕುವ ಫ್ಯಾನ್ ಸೂರಿನ ಹತ್ತಿರ ಇರಬೇಕು. ಒಳಬರುವ ದಾರಿ ಎದುರು ಮೂಲೆಯಲ್ಲಿ, ನೆಲದ ಹತ್ತಿರ ಇರಬೇಕು. ಎರಡೂ ಒಂದೇ ಕಿಟಕಿಯಲ್ಲಿದ್ದರೆ ಹೊಸ ಗಾಳಿ ರ್‍ಯಾಕನ್ನು ಮುಟ್ಟದೆ ನೇರವಾಗಿ ಹೊರಗೆ ಹೋಗುತ್ತದೆ, ಮೀಟರಿನಲ್ಲಿ ಮಾತ್ರ ಕರೆಂಟ್ ಓಡುತ್ತದೆ. ಒಳದಾರಿಯ ವಿಸ್ತೀರ್ಣ ಹೊರದಾರಿಯ ಎರಡು ಪಟ್ಟಾದರೂ ಇರಲಿ. ಬಿಳಿನೊಣ ಒಳಬಾರದಂತೆ 50 ಮೆಶ್‌ನ, ಅಂದರೆ ಇಂಚಿಗೆ 50 ಕಣ್ಣಿನ, ಜಾಲರಿ ಕಟ್ಟುವುದಾದರೆ ಮೂರು ನಾಲ್ಕು ಪಟ್ಟು ಬೇಕು, ಏಕೆಂದರೆ ಅಷ್ಟು ಸಣ್ಣ ಕಣ್ಣಿನ ಜಾಲರಿ ಗಾಳಿಯನ್ನು ಗಣನೀಯವಾಗಿ ತಡೆಯುತ್ತದೆ.

ಒಳದಾರಿ ಅಡುಗೆಮನೆಯ ಕಡೆಗಾಗಲಿ ಬಚ್ಚಲಿನ ಕಡೆಗಾಗಲಿ ತೆರೆಯಬಾರದು. ಒಗ್ಗರಣೆಯ ಎಣ್ಣೆಹೊಗೆ ಜಾಲರಿಯನ್ನೂ ಎಲೆಯನ್ನೂ ಜಿಡ್ಡುಗಟ್ಟಿಸುತ್ತದೆ. ಹಾಗೆಯೇ ಹೊರಹೋಗುವ ಗಾಳಿಯನ್ನು ಮನೆಯ ಹಾಲ್‌ಗೆ ಬಿಡಬಾರದು. ಆ ತೇವ ಗೋಡೆಯಲ್ಲಿ, ಬಟ್ಟೆಯ ಬೀರುವಿನಲ್ಲಿ ಬೂಷ್ಟಾಗಿ ಮರಳುತ್ತದೆ. ಪಕ್ಕದ ಮನೆಯವರ ಕಿಟಕಿಗೆ ಮುಖ ಮಾಡಿದಂತೆಯೂ ಇರಬಾರದು ಎಂಬುದನ್ನು ಹೇಳಬೇಕಾಗಿಲ್ಲ.

ಗಾಳಿ ಬದಲಾಗುವುದು ಬಿಸಿಯನ್ನು ತೆಗೆಯಲು ಮಾತ್ರವಲ್ಲ. ನಮ್ಮ ಕೋಣೆಯ ಅಷ್ಟೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಮಾರು 20 ಗ್ರಾಂ. ತುಂಬಿ ಬೆಳೆದ ಮೂರು ಅಂತಸ್ತಿನ ಸೊಪ್ಪು ಬೆಳಕಿನಲ್ಲಿ ಗಂಟೆಗೆ ಕೆಲವು ಗ್ರಾಂ ಹೀರಬಲ್ಲದು. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದರೆ ದೀಪ ಎಷ್ಟೇ ಪ್ರಖರವಾಗಿದ್ದರೂ ಬೆಳವಣಿಗೆ ಕುಂಠಿತವಾಗುತ್ತದೆ. ಇದಕ್ಕೆ ಹೊರಗಿನ ಗಾಳಿಯೇ ಔಷಧಿ. ಮನೆಯೊಳಗೆ ಗ್ಯಾಸ್ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬಿಡುವ ಪ್ರಯೋಗ ಪ್ರಾಣಾಪಾಯಕರ. ಯಾರೂ ಅದಕ್ಕೆ ಕೈಹಾಕಬಾರದು.

ರ್‍ಯಾಕಿನ ಒಳಗೂ ಗಾಳಿ ಆಡಬೇಕು. ದೀಪ ಮತ್ತು ಎಲೆಗಳ ನಡುವಿನ ಕಿರಿದಾದ ಜಾಗದಲ್ಲಿ ಗಾಳಿ ನಿಂತರೆ ಎಲೆಯ ಸುತ್ತ ತೇವದ ಪದರ ಕಟ್ಟುತ್ತದೆ. ನೀರಿನ ಹರಿವಿನೊಂದಿಗೆ ಸಾಗುವ ಕ್ಯಾಲ್ಸಿಯಂ ಆಗ ಲೆಟ್ಯೂಸಿನ ಒಳಗಿನ ಎಳೆಯ ಎಲೆಗಳನ್ನು ತಲುಪದೆ ಅವುಗಳ ಅಂಚು ಕಂದಾಗಿ ಸುಡುತ್ತದೆ. ಇದನ್ನು ಗೊಬ್ಬರದ ಕೊರತೆಯೆಂದು ತಿಳಿದು ಕ್ಯಾಲ್ಸಿಯಂ ಸುರಿಯುವವರೇ ಹೆಚ್ಚು, ಆದರೆ ನಿಜವಾಗಿ ಬೇಕಾದದ್ದು ಪ್ರತಿ ಅಂತಸ್ತಿಗೆ ಒಂದು ಸಣ್ಣ ಫ್ಯಾನ್. ಎಲೆಗಳು ಮೆಲ್ಲನೆ ಅಲುಗುವಷ್ಟು, ಸೆಕೆಂಡಿಗೆ ಅರ್ಧ ಮೀಟರಿನಷ್ಟು ಗಾಳಿ ಸಾಕು. ಒಂದೇ ಕಡೆ ಎಲೆ ಬಾಗಿ ನಿಂತಿದ್ದರೆ ಗಾಳಿ ಹೆಚ್ಚಾಯಿತೆಂದು ತಿಳಿಯಬೇಕು.

ಏಳನೆಯ ಹೆಜ್ಜೆ: ತೇವ, ಊರಿಗೆ ತಕ್ಕಂತೆ

ಇಡೀ ವ್ಯವಸ್ಥೆಯಲ್ಲಿ ಕಷ್ಟದ ಭಾಗವೆಂದರೆ ಇದೇ, ಮತ್ತು ಬೇರೆ ಕಡೆಯ ಸಲಹೆಗಳು ಕೈಕೊಡುವುದೂ ಇಲ್ಲಿಯೇ. ಶೇಕಡಾವಾರು ಆರ್ದ್ರತೆ ಒಂದನ್ನೇ ನೋಡಿದರೆ ಪೂರ್ತಿ ವಿಷಯ ತಿಳಿಯುವುದಿಲ್ಲ, ಏಕೆಂದರೆ ಬಿಸಿ ಗಾಳಿ ಹೆಚ್ಚು ಆವಿಯನ್ನು ಹಿಡಿಯುತ್ತದೆ. ಗಾಳಿ ಇನ್ನೂ ಎಷ್ಟು ಆವಿಯನ್ನು ಎಳೆದುಕೊಳ್ಳಬಲ್ಲದು ಎಂಬುದನ್ನು ಕಿಲೋಪ್ಯಾಸ್ಕಲ್‌ಗಳಲ್ಲಿ ಹೇಳುವ ಅಳತೆಗೆ ವಿಪಿಡಿ ಎನ್ನುತ್ತಾರೆ. ಸೊಪ್ಪಿಗೆ ಅದು 0.8ರಿಂದ 1.2ರ ನಡುವೆ ಇದ್ದರೆ ಒಳ್ಳೆಯದು. 24 ಡಿಗ್ರಿಯಲ್ಲಿ ಆರ್ದ್ರತೆ ಶೇ. 70 ಇದ್ದರೆ ವಿಪಿಡಿ ಸುಮಾರು 0.9, ಅದೇ ಉಷ್ಣತೆಯಲ್ಲಿ ಶೇ. 90 ಆದರೆ 0.3ಕ್ಕೆ ಇಳಿದು ಗಿಡ ನೀರೆಳೆಯುವುದೇ ನಿಧಾನವಾಗುತ್ತದೆ. 34 ಡಿಗ್ರಿಯಲ್ಲಿ ಶೇ. 30 ಇದ್ದರೆ 3.7ಕ್ಕೆ ಏರಿ ಬೇರಿಗೆ ನೀರಿದ್ದರೂ ಎಲೆ ಬಾಡುತ್ತದೆ.

ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿ ವರ್ಷದ ಬಹುಪಾಲು ಎಗ್ಸಾಸ್ಟ್ ಫ್ಯಾನ್ ಒಂದರಿಂದಲೇ ಕೆಲಸ ನಡೆಯುತ್ತದೆ. ಮಳೆಗಾಲದ ರಾತ್ರಿ ಹೊರಗೆ 21 ಡಿಗ್ರಿ, ಶೇ. 90 ಆರ್ದ್ರತೆ ಇದ್ದರೂ ಆ ಗಾಳಿಯ ಒಂದು ಘನ ಮೀಟರಿನಲ್ಲಿರುವ ಆವಿ ಸುಮಾರು 16.5 ಗ್ರಾಂ. ದೀಪ ಉರಿಯುವ ಕೋಣೆಯಲ್ಲಿ 27 ಡಿಗ್ರಿ, ಶೇ. 70 ಇದ್ದರೆ 18 ಗ್ರಾಂ. ಒಳಗಿನದಕ್ಕಿಂತ ಹೊರಗಿನದು ಒಣಗಿರುವುದರಿಂದ ಫ್ಯಾನ್ ತೇವವನ್ನು ಹೊರಗೊಯ್ಯುತ್ತದೆ.

ಮಂಗಳೂರು, ಉಡುಪಿಯ ಜುಲೈ ತಿಂಗಳ ಕಥೆ ಬೇರೆ. ಹೊರಗೆ 26 ಡಿಗ್ರಿ, ಶೇ. 90 ಇದ್ದಾಗ ಒಂದು ಘನ ಮೀಟರಿನಲ್ಲಿ 22 ಗ್ರಾಂ ಆವಿ ಇರುತ್ತದೆ. ಅಂತಹ ಗಾಳಿಯನ್ನು ಒಳಗೆ ಎಳೆದರೆ ಕೋಣೆಗೆ ತೇವ ತುಂಬಿದಂತೆಯೇ ಆಗುತ್ತದೆ, ಫ್ಯಾನ್ ದೊಡ್ಡದಾದಷ್ಟೂ ಪರಿಸ್ಥಿತಿ ಕೆಡುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಫ್ಯಾನನ್ನು ಇಂಗಾಲದ ಡೈಆಕ್ಸೈಡಿಗೆ ಬೇಕಾದಷ್ಟು ಮಾತ್ರ, ಗಂಟೆಗೆ ಕೆಲವು ನಿಮಿಷ ಓಡಿಸಿ, ಎಸಿಯಿಂದ ಅಥವಾ ಡಿಹ್ಯುಮಿಡಿಫೈಯರ್‌ನಿಂದ ತೇವ ತೆಗೆಯಬೇಕು. ಅದಕ್ಕೆ ಎಷ್ಟು ಸಾಮರ್ಥ್ಯ ಬೇಕೆಂದು ತಿಳಿಯಲು ಗಿಡಗಳಿಗೆ ದಿನಕ್ಕೆ ಎಷ್ಟು ಲೀಟರ್ ನೀರು ಹಾಕುತ್ತೀರೆಂದು ನೋಡಿದರೆ ಸಾಕು. ಹೆಚ್ಚುಕಡಿಮೆ ಅಷ್ಟೇ ನೀರು ಗಾಳಿಯಿಂದ ಹೊರಬರಬೇಕು. ಆ ಯಂತ್ರ ಎಳೆಯುವ ವ್ಯಾಟ್ ಕೂಡ ಬಿಸಿಯ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬಾರದು.

ಕಲಬುರಗಿ, ರಾಯಚೂರಿನ ಏಪ್ರಿಲ್ ಇದಕ್ಕೆ ನೇರ ವಿರುದ್ಧ. ಹೊರಗೆ 40 ಡಿಗ್ರಿ, ಶೇ. 20 ಆರ್ದ್ರತೆ ಇದ್ದಾಗ ಗಾಳಿಯಲ್ಲಿ ಆವಿ ಕೇವಲ 10 ಗ್ರಾಂ. ಒಳದಾರಿಗೆ ನೀರಿನ ಕೂಲರ್ ಜೋಡಿಸಿದರೆ ಆ ಒಣಗಾಳಿ 27 ಡಿಗ್ರಿಯ ಆಸುಪಾಸಿಗೆ ತಂಪಾಗಿ, ಬೇಕಾದ ತೇವವನ್ನೂ ಹೊತ್ತು ಬರುತ್ತದೆ. ಕಡಲತಡಿಯಲ್ಲಿ ನಿಷ್ಪ್ರಯೋಜಕವಾದ ಕೂಲರ್ ಇಲ್ಲಿ ಎಸಿಗಿಂತ ಮೇಲು. ಕೂಲರಿನ ತೊಟ್ಟಿಯಲ್ಲಿ ಸೊಳ್ಳೆ ಮೊಟ್ಟೆಯಿಡದಂತೆ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯಬೇಕು.

ಯಾವ ಊರಾದರೂ ದೀಪ ಆರುವ ಹೊತ್ತು ಅಪಾಯದ ಹೊತ್ತು. 25 ಡಿಗ್ರಿ, ಶೇ. 80 ಆರ್ದ್ರತೆಯ ಗಾಳಿ 21 ಡಿಗ್ರಿಗೆ ಇಳಿದೊಡನೆ ಎಲೆಯ ಮೇಲೆ ಇಬ್ಬನಿ ಕಟ್ಟುತ್ತದೆ, ಬೂಷ್ಟು ಮೊಳೆಯಲು ಆ ತೆಳುವಾದ ನೀರೇ ಸಾಕು. ದೀಪ ಆರಿದ ಮೇಲೂ ಎಗ್ಸಾಸ್ಟ್ ಫ್ಯಾನ್ ಅರ್ಧ ಗಂಟೆ ಓಡಲಿ, ರ್‍ಯಾಕಿನ ಸಣ್ಣ ಫ್ಯಾನುಗಳು ಕತ್ತಲೆಯಲ್ಲೂ ನಿಲ್ಲದಿರಲಿ, ನೀರು ಹಾಕುವುದನ್ನು ಬೆಳಕಿನ ಮೊದಲ ಗಂಟೆಗಳಲ್ಲೇ ಮುಗಿಸಿ.

ಎಂಟನೆಯ ಹೆಜ್ಜೆ: ವಿದ್ಯುತ್ ಸುರಕ್ಷತೆ

ನೀರು ಮತ್ತು ಕರೆಂಟ್ ಒಂದೇ ರ್‍ಯಾಕಿನಲ್ಲಿ ಇರುವುದರಿಂದ ಇಲ್ಲಿ ಉಳಿತಾಯ ಮಾಡಬಾರದು. ಈ ಕೋಣೆಯ ಸಾಲಿಗೆ, ಕರೆಂಟ್ ಸೋರಿದೊಡನೆ ಅದನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿ, ಕಬ್ಬಿಣದ ರ್‍ಯಾಕನ್ನೂ ಅರ್ತಿಂಗಿಗೆ ಸೇರಿಸಬೇಕು. ತೇವ ನಿರೋಧಕ ದೀಪಗಳನ್ನೇ, ಐಪಿ 65 ಗುರುತಿನವನ್ನು, ಆರಿಸಿ. ಪ್ಲಗ್ ಬೋರ್ಡ್ ನೆಲದ ಮೇಲಿರದೆ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಗೋಡೆಗೆ ಕೂತಿರಬೇಕು, ಮತ್ತು ಪ್ರತಿ ವೈರ್ ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ಮಾಡಿ ಮೇಲೇರಬೇಕು. ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಪ್ಲಗ್ಗನ್ನು ತಲುಪುವುದಿಲ್ಲ. ಟೈಮರಿನ ಆಂಪಿಯರ್ ಮಿತಿಯನ್ನು ಓದಿಕೊಳ್ಳಿ. ಎಸಿ ಅಥವಾ ಡಿಹ್ಯುಮಿಡಿಫೈಯರನ್ನು ದೀಪಗಳ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಂದಿಗೂ ಸಿಕ್ಕಿಸಬಾರದು.

ಬಿತ್ತುವ ಮೊದಲು

ಎಲ್ಲವನ್ನೂ ಜೋಡಿಸಿದ ಮೇಲೆ ಗಿಡವಿಲ್ಲದೆಯೇ ಎರಡು ಪೂರ್ಣ ದಿನ ದೀಪ, ಫ್ಯಾನು, ಟೈಮರುಗಳನ್ನು ನಡೆಸಿ ನೋಡಬೇಕು. ಉಷ್ಣತೆ ಮತ್ತು ಆರ್ದ್ರತೆ ತೋರಿಸುವ ಸಣ್ಣ ಮೀಟರನ್ನು ಎಲೆಯ ಎತ್ತರದಲ್ಲಿ, ದೀಪ ನೇರವಾಗಿ ಬೀಳದಂತೆ ಒಂದು ಹಾಳೆಯ ನೆರಳಿನಲ್ಲಿಡಿ; ಬೆಳಕು ಬಿದ್ದ ಮೀಟರ್ ಗಾಳಿಯ ಬದಲು ತನ್ನದೇ ಬಿಸಿಯನ್ನು ತೋರಿಸುತ್ತದೆ. ಅದರ ಆರ್ದ್ರತೆಯ ಅಂಕಿಯನ್ನು ನಂಬಬಹುದೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು: ಅಡುಗೆ ಉಪ್ಪಿಗೆ ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ, ಮೀಟರಿನ ಜೊತೆ ಒಂದು ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೆಲವು ಗಂಟೆಗಳ ನಂತರ ಅದು ಶೇ. 75 ತೋರಿಸಬೇಕು. ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಮುಂದೆ ಕೂಡಿಸಿ ಅಥವಾ ಕಳೆದು ಓದಿಕೊಳ್ಳಿ.

ಈ ಎರಡು ದಿನಗಳಲ್ಲಿ ದೀಪ ಹತ್ತಿದ ಎರಡು ಗಂಟೆಯ ನಂತರ, ಆರುವ ಮುನ್ನ ಮತ್ತು ಕತ್ತಲೆಯ ನಡುವೆ ಒಳಗಿನ ಹಾಗೂ ಹೊರಗಿನ ಅಂಕಿಗಳನ್ನು ಬರೆದುಕೊಳ್ಳಿ. ಒಳಗಿನ ಉಷ್ಣತೆ ಲೆಕ್ಕದ 3 ಡಿಗ್ರಿಗಿಂತ ಹೆಚ್ಚು ಏರಿದ್ದರೆ ಮೊದಲು ಒಳದಾರಿಯನ್ನು ದೊಡ್ಡದು ಮಾಡಿ. ಹೆಚ್ಚಿನ ಸಂದರ್ಭಗಳಲ್ಲಿ ಕೊರತೆ ಇರುವುದು ಫ್ಯಾನಿನಲ್ಲಲ್ಲ, ಗಾಳಿ ಬರುವ ದಾರಿಯಲ್ಲಿ. ಅದು ಸರಿಯಿದ್ದೂ ಬಿಸಿ ಇಳಿಯದಿದ್ದರೆ ದೀಪದ ಡ್ರೈವರುಗಳನ್ನು (ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಡಬ್ಬಿಗಳನ್ನು) ಕೋಣೆಯ ಹೊರಗೆ ಸಾಗಿಸಿ, ಕೊನೆಗೆ ಫ್ಯಾನಿನ ಗಾತ್ರದ ಮಾತಿಗೆ ಬನ್ನಿ. ಗಿಡಗಳು ತುಂಬಿದ ಮೇಲೆ ಆರ್ದ್ರತೆ ಈ ಖಾಲಿ ಕೋಣೆಯ ಅಂಕಿಗಿಂತ ಮೇಲೇರುತ್ತದೆ, ಉಷ್ಣತೆ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಇದೇ ಓದನ್ನು ಬಿತ್ತಿದ ಮೂರನೆಯ ವಾರ ಮತ್ತೊಮ್ಮೆ ಮಾಡಿ ಟೈಮರುಗಳನ್ನು ತಿದ್ದಬೇಕು. ಒಳದಾರಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ದೀಪಗಳನ್ನು ತಿಂಗಳಿಗೊಮ್ಮೆ ಕರೆಂಟ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನೂ ಅದೇ ದಿನ ಒತ್ತಿ ನೋಡಿ.